ಕ್ಯಾಂಪಿಂಗ್ ಟ್ರೇಲರ್ ಕೊಳ್ಳುವ ಮೊದಲು ಕಾರಿನ ಬಾಗಿಲು ತೆಗೆದು ನೋಡಿ

ಕ್ಯಾಂಪಿಂಗ್ ಟ್ರೇಲರ್ ಅಂದರೆ ಕಾರಿನ ಹಿಂದೆ ಕಟ್ಟಿ ಎಳೆದುಕೊಂಡು ಹೋಗುವ ಪುಟ್ಟ ಮನೆ. ಅದನ್ನು ಮಾರುವ ಜಾಗಕ್ಕೆ ಮನೆಮಂದಿಯೆಲ್ಲ ಹೋದರೆ ಏನಾಗುತ್ತದೆ ಗೊತ್ತಲ್ವಾ? ಮಕ್ಕಳು ಓಡಿಹೋಗಿ ಒಂದರ ಮೇಲೊಂದು ಇರುವ ಹಾಸಿಗೆಗಳಲ್ಲಿ ಮೇಲಿನ ಬಂಕ್ ಹತ್ತುತ್ತಾರೆ. ದೊಡ್ಡವರು ಅಡುಗೆ ಕಟ್ಟೆಯ ಕಪಾಟುಗಳನ್ನು ತೆಗೆದು ಮುಚ್ಚುತ್ತಾರೆ. ಹತ್ತು ನಿಮಿಷದಲ್ಲಿ ಮನಸ್ಸು ಅರ್ಧ ಒಪ್ಪಿಬಿಟ್ಟಿರುತ್ತದೆ. ಆಮೇಲೆ ಯಾರಾದರೂ ಕೇಳುತ್ತಾರೆ: "ಇದನ್ನ ನಮ್ಮ ಕಾರು ಎಳೆಯುತ್ತಾ?" ಆರಾಮಾಗಿ ಎಳೆಯುತ್ತೆ ಅನ್ನುವ ಉತ್ತರವೂ ಸಿಗುತ್ತದೆ.

ಆ ಉತ್ತರ ಸುಳ್ಳಾಗಿರಲಿಕ್ಕಿಲ್ಲ. ಆದರೆ ಪ್ರಶ್ನೆಯೇ ಅರ್ಧ. ಕಾರು ಟ್ರೇಲರನ್ನು ಎಳೆಯುವುದಷ್ಟೇ ಅಲ್ಲ, ಅದರ ಒಂದು ಪಾಲು ಭಾರವನ್ನು ಹೊರುತ್ತದೆ ಕೂಡ. ಕುಟುಂಬ ಹತ್ತಿ ಕೂತ ಕಾರಿನಲ್ಲಿ ಎಷ್ಟೋ ಸಲ ಮೊದಲು ಮುಗಿಯುವುದು ಹೊರುವ ಶಕ್ತಿ. ಎಳೆಯುವ ಶಕ್ತಿ ಇನ್ನೂ ಬೇಕಾದಷ್ಟು ಉಳಿದಿರುತ್ತದೆ. ಈ ಒಂದು ವಿಷಯ ತಿಳಿದರೆ ನಿಮ್ಮ ಮುಂದಿರುವ ಆಯ್ಕೆಗಳು ತಾವಾಗಿಯೇ ಕಡಿಮೆಯಾಗುತ್ತವೆ. ಅದಕ್ಕೇ ಟ್ರೇಲರ್ ನೋಡುವ ಮೊದಲು ಕಾರು ನೋಡಿ ಅನ್ನುತ್ತೇನೆ.

ಎಳೆಯುವುದು ಬೇರೆ, ಹೊರುವುದು ಬೇರೆ

ಟ್ರೇಲರ್‌ನ ತೂಕವೆಲ್ಲ ಅದರ ಚಕ್ರಗಳ ಮೇಲೆಯೇ ಇರುವುದಿಲ್ಲ. ಸ್ವಲ್ಪ ಭಾರ ಮುಂದಿನ ಕೊಂಡಿಯ ಮೂಲಕ ಕಾರಿನ ಹಿಂಭಾಗದ ಮೇಲೆ ಕೂರುತ್ತದೆ. ಇದಕ್ಕೆ ಟಂಗ್ ವೇಟ್ ಅನ್ನುತ್ತಾರೆ. ಕೆಲವು ದೇಶಗಳಲ್ಲಿ ನೋಸ್ ವೇಟ್ ಅಂತಲೂ ಕರೆಯುತ್ತಾರೆ. ಎತ್ತಿನ ಗಾಡಿ ತುಂಬಿದವರಿಗೆ ಇದು ಹೊಸ ಸಂಗತಿಯಲ್ಲ. ಮೂಟೆಗಳು ಮುಂದಕ್ಕೆ ಜಾಸ್ತಿಯಾದರೆ ನೊಗ ಎತ್ತುಗಳ ಹೆಗಲನ್ನು ಒತ್ತುತ್ತದೆ. ಹಿಂದಕ್ಕೆ ಜಾಸ್ತಿಯಾದರೆ ಮೂಕಿ ಮೇಲಕ್ಕೇಳುತ್ತದೆ. ಮುಂದಕ್ಕೆ ಕೊಂಚವೇ ಭಾರ ಬೀಳುವಂತೆ ತುಂಬಿದರೆ ಗಾಡಿ ನೆಟ್ಟಗೆ ಸಾಗುತ್ತದೆ. ಟ್ರೇಲರ್‌ನ ಲೆಕ್ಕವೂ ಇದೇ.

ಆ "ಕೊಂಚ" ಎಷ್ಟು? ಉತ್ತರ ಅಮೆರಿಕದಲ್ಲಿ ತುಂಬಿದ ಟ್ರೇಲರ್‌ನ ಒಟ್ಟು ತೂಕದ ಶೇಕಡಾ 10ರಿಂದ 15ರಷ್ಟು ಕೊಂಡಿಯ ಮೇಲೆ ಬೀಳಬೇಕು ಎನ್ನುವುದು ರೂಢಿ. ಯುರೋಪಿನಲ್ಲಿ ಕ್ಯಾರವಾನ್ ಅಂತ ಕರೆಯುವ ಇಂಥ ಟ್ರೇಲರ್‌ಗಳಲ್ಲಿ ಸುಮಾರು ಶೇಕಡಾ 5ರಿಂದ 7. ಅಲ್ಲಿನ ಎಷ್ಟೋ ಕಾರುಗಳಿಗೆ ಕೊಂಡಿಯ ಮಿತಿಯೇ 75ರಿಂದ 100 ಕಿಲೋ. ಎರಡೂ ಕಡೆಯ ಅಂಕಿಗಳನ್ನು ಕಲಸಿಕೊಳ್ಳಬೇಡಿ. ನಿಮ್ಮ ಕಾರಿನ ಮತ್ತು ಟ್ರೇಲರ್‌ನ ಕೈಪಿಡಿಯಲ್ಲಿ ಇರುವುದೇ ನಿಮ್ಮ ಪಾಲಿನ ಅಂಕಿ.

ಈಗ ಕಾರಿನ ಬಾಗಿಲು ತೆಗೆಯಿರಿ. ಅನೇಕ ಕಾರುಗಳಲ್ಲಿ ಡ್ರೈವರ್ ಬಾಗಿಲಿನ ಚೌಕಟ್ಟಿಗೆ ಒಂದು ಸ್ಟಿಕ್ಕರ್ ಅಂಟಿಸಿರುತ್ತಾರೆ. ಜನ ಮತ್ತು ಸಾಮಾನು ಸೇರಿ ಇಷ್ಟು ಕಿಲೋ ಮೀರಬಾರದು ಅಂತ ಅದರಲ್ಲಿ ಬರೆದಿರುತ್ತದೆ. ಸ್ಟಿಕ್ಕರ್ ಇಲ್ಲದಿದ್ದರೆ ಕೈಪಿಡಿ ನೋಡಿ. ಕಾರಿನ ಗರಿಷ್ಠ ಒಟ್ಟು ತೂಕದಲ್ಲಿ ಖಾಲಿ ಕಾರಿನ ತೂಕ ಕಳೆದರೆ ಅದೇ ಅಂಕಿ ಸಿಗುತ್ತದೆ. ಇದನ್ನೇ ಪೇಲೋಡ್ ಅನ್ನುವುದು.

ಒಂದು ಲೆಕ್ಕ ಮಾಡೋಣ. ಕಾರಿನ ಪೇಲೋಡ್ 550 ಕಿಲೋ ಅಂದುಕೊಳ್ಳಿ. ಅಪ್ಪ, ಅಮ್ಮ, ಇಬ್ಬರು ಮಕ್ಕಳು ಸೇರಿ 240 ಕಿಲೋ. ಡಿಕ್ಕಿಯಲ್ಲಿ ತುಂಬಿದ ಸಾಮಾನು 80. ಮೇಲೆ ಕಟ್ಟಿದ ಸೈಕಲ್‌ಗಳು, ಅವುಗಳ ಸ್ಟ್ಯಾಂಡ್ 40. ಕೊಂಡಿಯ ಕಬ್ಬಿಣ 30. ಎಲ್ಲ ಕಳೆದರೆ ಉಳಿಯುವುದು 160 ಕಿಲೋ. ಟ್ರೇಲರ್ ಕೊಂಡಿಯ ಮೂಲಕ ಇಷ್ಟನ್ನು ಮಾತ್ರ ಕಾರಿನ ಮೇಲೆ ಹೇರಬಹುದು. ಶೇಕಡಾ 12ರ ಲೆಕ್ಕ ಹಿಡಿದರೆ, ತುಂಬಿದ ಟ್ರೇಲರ್ ಸುಮಾರು 1,330 ಕಿಲೋ ದಾಟಬಾರದು.

ಅದೇ ಕಾರಿನ ಜಾಹೀರಾತಿನಲ್ಲಿ "2,200 ಕಿಲೋ ಎಳೆಯುತ್ತದೆ" ಅಂತ ಇರಬಹುದು. ಅದೂ ನಿಜವೇ. ಆದರೆ 2,200 ಕಿಲೋ ಟ್ರೇಲರ್ ಕಟ್ಟಿದರೆ ಕೊಂಡಿಯ ಮೇಲೆ 264 ಕಿಲೋ ಬೀಳುತ್ತದೆ. ಆಗ ಕಾರಿನಿಂದ ನೂರು ಕಿಲೋಗೂ ಜಾಸ್ತಿ ಇಳಿಸಬೇಕು. ಸಾಮಾನು ಪೂರ್ತಿ ಇಳಿಸಿದರೂ ಸಾಲದು, ಸೈಕಲ್‌ಗಳನ್ನೂ ಬಿಟ್ಟು ಹೋಗಬೇಕಾಗುತ್ತದೆ.

ಭಾರ ಹಂಚುವ ಕೊಂಡಿ ಹಾಕಿಸಿದರೆ ಸರಿಹೋಗುತ್ತದಲ್ಲ ಅಂತ ಕೆಲವರು ಕೇಳುತ್ತಾರೆ. ಅದು ಒಳ್ಳೆಯ ಸಾಧನ. ಹಿಂದೆ ಕುಸಿದ ಕಾರನ್ನು ಮಟ್ಟಕ್ಕೆ ತರುತ್ತದೆ. ಮುಂದಿನ ಚಕ್ರಗಳಿಗೆ ಕಳೆದುಹೋದ ಹಿಡಿತವನ್ನು ವಾಪಸ್ ಕೊಡುತ್ತದೆ. ಆದರೆ ಕಾರು ಹೊರಬಲ್ಲ ಮಿತಿಯನ್ನು ಅದು ಹೆಚ್ಚಿಸುವುದಿಲ್ಲ. ಎಲ್ಲ ಕಾರಿಗೂ ಅದನ್ನು ಬಳಸುವ ಹಾಗೂ ಇಲ್ಲ, ಕೈಪಿಡಿ ನೋಡಿಯೇ ಹಾಕಿಸಬೇಕು. ಕೊಂಡಿ, ಅದರ ಗುಂಡು, ಕಾರಿನ ಹಿಂದಿನ ಆಕ್ಸಲ್, ಟೈರ್, ಪ್ರತಿಯೊಂದಕ್ಕೂ ಒಂದು ಮಿತಿ ಇದೆ. ಅವುಗಳಲ್ಲಿ ಯಾವುದು ಚಿಕ್ಕದೋ ಅದೇ ನಿಮ್ಮ ಮಿತಿ.

ಖಾಲಿ ತೂಕದ ಮೋಹ

ಮಾರುವವರ ಹಾಳೆಯಲ್ಲಿ ದೊಡ್ಡದಾಗಿ ಕಾಣುವುದು ಖಾಲಿ ಟ್ರೇಲರ್‌ನ ತೂಕ. ಖಾಲಿ ಟ್ರೇಲರ್ ಕಟ್ಟಿಕೊಂಡು ಯಾರೂ ಕ್ಯಾಂಪಿಂಗ್ ಹೋಗುವುದಿಲ್ಲ. ಬ್ಯಾಟರಿ, ಗ್ಯಾಸ್ ಸಿಲಿಂಡರ್, ಆಮೇಲೆ ಹಾಕಿಸಿದ ಏಸಿ, ಬಿಸಿಲಿಗೆ ಚಾಚುವ ಮೇಲ್ಚಾವಣಿ, ಇವೆಲ್ಲ ಎಷ್ಟೋ ಸಲ ಆ ಅಂಕಿಯಲ್ಲಿ ಸೇರಿರುವುದಿಲ್ಲ.

1,050 ಕಿಲೋ ಖಾಲಿ ತೂಕದ ಟ್ರೇಲರ್ ಒಂದನ್ನು ತೆಗೆದುಕೊಳ್ಳಿ. ಮೇಲಿನ ಕಾರಿಗೆ ಹೇಳಿ ಮಾಡಿಸಿದಂತೆ ಕಾಣುತ್ತದೆ. ಅದಕ್ಕೆ 60 ಕಿಲೋ ಹೆಚ್ಚುವರಿ ಸಲಕರಣೆ ಸೇರಿಸಿ. ಒಂದು ಲೀಟರ್ ನೀರು ಅಂದರೆ ಒಂದು ಕಿಲೋ. 100 ಲೀಟರ್ ಟ್ಯಾಂಕ್ ತುಂಬಿದರೆ 100 ಕಿಲೋ ಬಂತು. ಹಾಸಿಗೆ, ಹೊದಿಕೆ, ಪಾತ್ರೆ, ಮಡಚುವ ಕುರ್ಚಿ, ಬಟ್ಟೆ, ದಿನಸಿ, ಆಟದ ಸಾಮಾನು ಅಂತ ನಾಲ್ವರಿಗೆ 150 ಕಿಲೋ ಸುಲಭವಾಗಿ ಆಗಿಬಿಡುತ್ತದೆ. ಮೊತ್ತ 1,360. ಹೇಳಿ ಮಾಡಿಸಿದ್ದು ಮಿತಿ ದಾಟಿಬಿಟ್ಟಿತು!

ಹಾಗಾಗಿ ಟ್ರೇಲರ್‌ನ ಮೇಲಿರುವ ಇನ್ನೊಂದು ಅಂಕಿ ಹುಡುಕಿ, ತುಂಬಿದಾಗಿನ ಗರಿಷ್ಠ ತೂಕ. ಕಾರಿಗೆ ಹೊಂದುತ್ತದೋ ಇಲ್ಲವೋ ಅನ್ನುವುದನ್ನು ಅದರ ಮೇಲೆಯೇ ಲೆಕ್ಕ ಹಾಕಿ. ಆ ಗರಿಷ್ಠ ತೂಕಕ್ಕೂ ಖಾಲಿ ತೂಕಕ್ಕೂ ಇರುವ ಅಂತರ ನಿಮ್ಮ ಸಾಮಾನಿಗೆ ಸಿಗುವ ಅವಕಾಶ. ಅದು 200 ಕಿಲೋಗಿಂತ ಕಡಿಮೆ ಇದ್ದರೆ, ಒಳಗೆ ಎಷ್ಟೇ ಕಪಾಟುಗಳಿದ್ದರೂ ನಾಲ್ವರ ಕುಟುಂಬಕ್ಕೆ ನಾನು ಬೇಡ ಅನ್ನುತ್ತೇನೆ. ಕೊಂಡ ಮೇಲೆ ಒಮ್ಮೆ ಎಲ್ಲ ತುಂಬಿ, ಎಲ್ಲರೂ ಕೂತು, ವೇ ಬ್ರಿಡ್ಜ್ ಮೇಲೆ ತೂಗಿಸಿ. ಅಂದಾಜು ಅಲ್ಲಿಗೆ ಮುಗಿಯುತ್ತದೆ.

ತೂಕದಷ್ಟೇ ಗಾಳಿಯೂ ಮುಖ್ಯ. ಎತ್ತರದ ಟ್ರೇಲರ್ ಅಂದರೆ ಗಾಳಿಗೆ ಎದುರಾಗಿ ಒಂದು ಗೋಡೆ ಎಳೆದ ಹಾಗೆ. ಇಂಧನ ಜಾಸ್ತಿ ಕುಡಿಯುತ್ತದೆ. ಎಲೆಕ್ಟ್ರಿಕ್ ಕಾರಾದರೆ ಒಂದು ಚಾರ್ಜಿಗೆ ಹೋಗುವ ದೂರ ಅರ್ಧಕ್ಕೆ ಇಳಿಯಬಹುದು. ಆಗ ಎಲ್ಲಿ ನಿಲ್ಲಿಸಬೇಕು ಅನ್ನುವುದನ್ನು ಮೊದಲೇ ಯೋಚಿಸಿಟ್ಟುಕೊಳ್ಳಬೇಕು.

ಮಳೆ ಬಂದ ದಿನ ಎಲ್ಲರೂ ಎಲ್ಲಿ ಕೂರುತ್ತೀರಿ?

"ಆರು ಜನ ಮಲಗಬಹುದು" ಅಂತ ಬರೆದಿರುತ್ತದೆ. ಆ ಆರರಲ್ಲಿ ಇಬ್ಬರು ಊಟದ ಮೇಜಿನ ಮೇಲೆ ಮಲಗುವವರು. ಮೇಜನ್ನು ತಗ್ಗಿಸಿ, ಮೆತ್ತೆಗಳನ್ನು ಜೋಡಿಸಿ ಹಾಸಿಗೆ ಮಾಡಬೇಕು. ಬೆಳಗ್ಗೆ ಮತ್ತೆ ಮೇಜು ಮಾಡಬೇಕು. ಒಂದು ರಾತ್ರಿಗೆ ತೊಂದರೆಯಿಲ್ಲ. ವಾರವಿಡೀ ಇದೇ ಆದರೆ ಬೇಸರ ಬರುತ್ತದೆ. ಮಗು ಎಂಟು ಗಂಟೆಗೆ ಮಲಗಬೇಕು, ದೊಡ್ಡವರು ಹತ್ತರವರೆಗೆ ಕೂರಬೇಕು ಅಂದರೆ ಆ ಮೇಜು-ಹಾಸಿಗೆ ಇಬ್ಬರಿಗೂ ಸಿಗುವುದಿಲ್ಲ. ನನ್ನ ಪ್ರಕಾರ ಕುಟುಂಬದ ಪ್ರತಿಯೊಬ್ಬರಿಗೂ ಸದಾ ಹಾಸಿರುವ ಒಂದು ಹಾಸಿಗೆ ಬೇಕು. ಮೇಜಿನ ಹಾಸಿಗೆ ಬಂದ ನೆಂಟರಿಗೆ ಇರಲಿ.

ಮಲಗುವವರ ವಯಸ್ಸು ನೋಡಿ. ಆರು ವರ್ಷದೊಳಗಿನ ಮಕ್ಕಳನ್ನು ಮೇಲಿನ ಬಂಕ್‌ನಲ್ಲಿ ಮಲಗಿಸಬಾರದು. ಇವತ್ತಿನ ಹತ್ತು ವರ್ಷದ ಹುಡುಗ ಐದು ವರ್ಷದಲ್ಲಿ ಅಪ್ಪನಷ್ಟು ಉದ್ದ ಆಗುತ್ತಾನೆ. ಬಂಕ್‌ನ ಉದ್ದವನ್ನು ಟೇಪ್ ಹಿಡಿದು ಅಳೆಯಿರಿ. ಅದು ತಡೆಯುವ ತೂಕವನ್ನೂ ಕೇಳಿ. ಅಜ್ಜಿ ತಾತ ಜೊತೆಗೆ ಬರುವುದಾದರೆ ಏಣಿ ಹತ್ತದೆ, ಇನ್ನೊಬ್ಬರನ್ನು ದಾಟದೆ ಇಳಿಯಬಹುದಾದ ಹಾಸಿಗೆ ಬೇಕು. ರಾತ್ರಿ ಎದ್ದು ಹೋಗಲು ಒಳಗೇ ಶೌಚಾಲಯ ಇದ್ದರೆ ಅವರಿಗೆ ಅದಕ್ಕಿಂತ ದೊಡ್ಡ ಉಪಕಾರ ಇಲ್ಲ.

ಮಾರುವ ಜಾಗದಲ್ಲಿ ಒಂದು ಪರೀಕ್ಷೆ ಮಾಡಿ. ಎಲ್ಲರೂ ಒಳಗೆ ಹೋಗಿ. ಬಾಗಿಲು ಹಾಕಿ. ಹೊರಗೆ ಮಳೆ ಸುರಿಯುತ್ತಿದೆ ಅಂತ ಅಂದುಕೊಂಡು ಅರ್ಧ ಗಂಟೆ ಸುಮ್ನೆ ಕೂತಿರಿ. ಒಬ್ಬರು ಅಡುಗೆ ಮಾಡುವ ಹಾಗೆ ನಿಲ್ಲಲಿ, ಇನ್ನೊಬ್ಬರು ಶೌಚಾಲಯಕ್ಕೆ ಹೋಗಲಿ, ಮಕ್ಕಳು ಆಡಲಿ. ಯಾರು ಯಾರಿಗೆ ಡಿಕ್ಕಿ ಹೊಡೆಯುತ್ತಾರೆ ಅನ್ನುವುದು ಐದೇ ನಿಮಿಷದಲ್ಲಿ ಗೊತ್ತಾಗುತ್ತದೆ. ಪಕ್ಕಕ್ಕೆ ಚಾಚಿಕೊಳ್ಳುವ ಗೋಡೆ ಇರುವ ಟ್ರೇಲರ್ ಆದರೆ, ಆ ಗೋಡೆ ಒಳಗಿದ್ದಾಗಲೂ ಹಾಸಿಗೆ ಮತ್ತು ಶೌಚಾಲಯ ತಲುಪಲು ಆಗುತ್ತದಾ ನೋಡಿ. ದಾರಿ ಮಧ್ಯೆ ಒಂದು ಮಗುವಿಗೆ ಅವಸರ ಆದಾಗ ಇದರ ಬೆಲೆ ತಿಳಿಯುತ್ತದೆ.

ಯಾವ ತರಹದ್ದು ಯಾರಿಗೆ

ಇಲ್ಲಿಯವರೆಗಿನ ಎರಡು ಉತ್ತರ ಕೈಯಲ್ಲಿದ್ದರೆ, ಅಂದರೆ ಎಷ್ಟು ತೂಕ ಮತ್ತು ಎಷ್ಟು ಹಾಸಿಗೆ, ಮುಂದಿನದು ಸುಲಭ.

ಮಡಚುವ ಟೆಂಟ್ ಟ್ರೇಲರ್, ಅಂದರೆ ಪಾಪ್-ಅಪ್, ಕಡಿಮೆ ತೂಕಕ್ಕೆ ಅತಿ ಹೆಚ್ಚು ಹಾಸಿಗೆ ಕೊಡುತ್ತದೆ. ರಸ್ತೆಯಲ್ಲಿ ತಗ್ಗಾಗಿ ಹೋಗುತ್ತದೆ, ಗಾಳಿ ಕಾಟ ಕಡಿಮೆ, ಮನೆಯ ಶೆಡ್ಡಿನಲ್ಲೂ ಹಿಡಿಯುತ್ತದೆ. ಬೇರೆ ರೀತಿಯಲ್ಲಿ ದುಡಿಸಿಕೊಳ್ಳುತ್ತದೆ ಅಷ್ಟೇ. ಪ್ರತಿ ಸಲ ಎತ್ತಿ ನಿಲ್ಲಿಸಬೇಕು, ಕಡ್ಡಿಗಳನ್ನು ಸಿಕ್ಕಿಸಬೇಕು, ಹಾಸಿಗೆ ಎಳೆಯಬೇಕು. ಅಭ್ಯಾಸ ಆದವರಿಗೂ ಇಪ್ಪತ್ತು ಮೂವತ್ತು ನಿಮಿಷ ಹಿಡಿಯುತ್ತದೆ. ಮಳೆಯಲ್ಲಿ ಮಡಚಿ ತಂದರೆ ಒಂದೆರಡು ದಿನದೊಳಗೆ ಮತ್ತೆ ಬಿಚ್ಚಿ ಬಟ್ಟೆ ಒಣಗಿಸಲೇಬೇಕು. ಇಲ್ಲದಿದ್ದರೆ ಬೂಷ್ಟು ಹಿಡಿಯುತ್ತದೆ. ಮನೆಯಲ್ಲಿ ಬಿಚ್ಚಿ ಹರಡಲು ಜಾಗವೇ ಇಲ್ಲದವರು ಇದನ್ನು ಮೊದಲು ಯೋಚಿಸಬೇಕು. ಒಂದೇ ಜಾಗದಲ್ಲಿ ನಾಲ್ಕೈದು ದಿನ ತಂಗುವ ಕುಟುಂಬಕ್ಕೆ ಇದು ತುಂಬಾ ಚೆನ್ನಾಗಿ ಒಗ್ಗುತ್ತದೆ. ದಿನಕ್ಕೊಂದು ಊರು ನೋಡುವವರಿಗೆ ಒಗ್ಗುವುದಿಲ್ಲ.

ಟಿಯರ್‌ಡ್ರಾಪ್, ಅಂದರೆ ಕಣ್ಣೀರ ಹನಿಯ ಆಕಾರದ ಪುಟ್ಟ ಟ್ರೇಲರ್, ಅದರ ಎದುರು ತುದಿ. ನಿಲ್ಲಿಸಿ, ಬಾಗಿಲು ತೆಗೆದು, ಮಲಗಿದರೆ ಆಯಿತು. ಒಲೆ ಹಿಂದಿನ ಮುಚ್ಚಳದ ಕೆಳಗೆ, ಬಯಲಿನಲ್ಲಿ. ಮಲಗುವ ಜಾಗ ಇಬ್ಬರಿಗೆ. ಹಾಗಂತ ಇದು ಕುಟುಂಬಕ್ಕೆ ಅಲ್ಲ ಅಂತ ತಳ್ಳಿಹಾಕಬೇಡಿ. ಹದಿಹರೆಯದ ಮಕ್ಕಳು ಎಷ್ಟೋ ಸಲ ತಮ್ಮದೇ ಟೆಂಟ್ ಬೇಕು ಅನ್ನುತ್ತಾರೆ. ಅಪ್ಪ ಅಮ್ಮನಿಗೆ ಟಿಯರ್‌ಡ್ರಾಪ್, ಪಕ್ಕದಲ್ಲಿ ಮಕ್ಕಳಿಗೆ ಒಂದು ಗಟ್ಟಿ ಟೆಂಟ್. ಚಿಕ್ಕ ಕಾರು ಇರುವವರಿಗೆ ಈ ಜೋಡಿ ನನಗೆ ತುಂಬಾ ಇಷ್ಟ. ತೀರಾ ಚಿಕ್ಕ ಮಕ್ಕಳಿದ್ದರೆ ಮಾತ್ರ ಬೇಡ.

ಗಟ್ಟಿ ಗೋಡೆಯ ಟ್ರಾವೆಲ್ ಟ್ರೇಲರ್ ಎಲ್ಲರಿಗೂ ಮೊದಲು ಕಣ್ಣಿಗೆ ಬೀಳುವಂಥದ್ದು. ಹಾಸಿಗೆ ಹಾಸಿಯೇ ಇರುತ್ತದೆ, ಶೌಚಾಲಯ ಇರುತ್ತದೆ, ಚಳಿ ಮಳೆಗೆ ಹೆದರಬೇಕಿಲ್ಲ. ಬಂಕ್ ಇರುವ ವಿನ್ಯಾಸಗಳು ಮಕ್ಕಳಿರುವ ಮನೆಗೆ ಸರಿಯಾಗುತ್ತವೆ. ತೂಕ ಮತ್ತು ನಿಲ್ಲಿಸುವ ಜಾಗ, ಈ ಎರಡೇ ಅಡ್ಡಿ. ಹೈಬ್ರಿಡ್ ಅನ್ನುವುದು ನಡುವಿನ ದಾರಿ: ಗಟ್ಟಿ ಗೋಡೆ, ತುದಿಗಳಲ್ಲಿ ಮಾತ್ರ ಬಟ್ಟೆಯ ಹಾಸಿಗೆಗಳು ಹೊರಕ್ಕೆ ಚಾಚುತ್ತವೆ. ಫಿಫ್ತ್ ವೀಲ್, ಅಂದರೆ ಪಿಕಪ್ ಟ್ರಕ್ಕಿನ ತೊಟ್ಟಿಯೊಳಗಿನ ಕೊಂಡಿಗೆ ಕಟ್ಟುವ ಟ್ರೇಲರ್, ಬೇರೆಯೇ ಲೋಕ. ಅದರ ತೂಕದ ಶೇಕಡಾ 15ರಿಂದ 25ರಷ್ಟು ಪಿಕಪ್ ಟ್ರಕ್ಕಿನ ಹಿಂದಿನ ತೊಟ್ಟಿಯ ಮೇಲೆ ಕೂರುತ್ತದೆ. ದೊಡ್ಡ ಪಿಕಪ್ ಇಲ್ಲದವರು ಆ ಕಡೆ ನೋಡುವ ಅಗತ್ಯವೇ ಇಲ್ಲ.

ನೀರು, ಕರೆಂಟು, ಗ್ಯಾಸ್

ಇಲ್ಲಿ ಒಂದೇ ಪ್ರಶ್ನೆ. ನೀವು ಹೋಗುವ ಕಡೆ ನಲ್ಲಿ ಮತ್ತು ಪ್ಲಗ್ ಇರುತ್ತದಾ, ಇಲ್ವಾ? ಯಾವಾಗಲೂ ಇರುವ ಕಡೆಗೇ ಹೋಗುವವರು ದೊಡ್ಡ ಟ್ಯಾಂಕು, ದುಬಾರಿ ಬ್ಯಾಟರಿಗೆ ದುಡ್ಡು ಹಾಕುವುದು ಬೇಡ.

ಇಲ್ಲದ ಕಡೆ ಹೋಗುವವರಿಗೆ ಲೆಕ್ಕ ಬೇಕು. ಕುಡಿಯಲು, ಅಡುಗೆಗೆ, ಪಾತ್ರೆಗೆ ಅಂತ ಹಿಡಿತದಿಂದ ಬಳಸಿದರೂ ತಲೆಗೆ ದಿನಕ್ಕೆ 10 ಲೀಟರ್ ಇಟ್ಟುಕೊಳ್ಳಿ. ನಾಲ್ವರಿಗೆ 80 ಲೀಟರ್ ಟ್ಯಾಂಕ್ ಎರಡು ದಿನ. ಸ್ನಾನ ಸೇರಿದರೆ ಲೆಕ್ಕ ತಲೆಕೆಳಗಾಗುತ್ತದೆ, ಎರಡೇ ನಿಮಿಷದ ಶವರ್‌ಗೂ 12–15 ಲೀಟರ್ ಹೋಗಬಹುದು. ಬಳಸಿದ ನೀರು ಇನ್ನೊಂದು ಟ್ಯಾಂಕ್ ಸೇರುತ್ತದೆ ಅನ್ನುವುದನ್ನು ಮರೆಯಬೇಡಿ. ಶುದ್ಧ ನೀರು ಉಳಿದಿದ್ದರೂ ಬಳಸಿದ ನೀರಿನ ಟ್ಯಾಂಕ್ ತುಂಬಿದರೆ ಅಲ್ಲಿಗೆ ನಿಂತಿತು. ಎರಡೂ ಟ್ಯಾಂಕ್‌ಗಳ ಗಾತ್ರ ಕೇಳಿ.

ಕರೆಂಟಿನ ವಿಷಯ. 12 ವೋಲ್ಟ್, 100 ಆಂಪ್-ಅವರ್ ಬ್ಯಾಟರಿಯಲ್ಲಿ ಸುಮಾರು 1,200 ವ್ಯಾಟ್-ಅವರ್ ಇರುತ್ತದೆ. ಸಾಮಾನ್ಯ ಲೆಡ್-ಆಸಿಡ್ ಬ್ಯಾಟರಿಯಾದರೆ ಅರ್ಧ ಮಾತ್ರ ಬಳಸಬೇಕು. ಪೂರ್ತಿ ಬರಿದು ಮಾಡುತ್ತಿದ್ದರೆ ಬೇಗ ಹಾಳಾಗುತ್ತದೆ. ಲಿಥಿಯಂ ಬ್ಯಾಟರಿಯಲ್ಲಿ ಹೆಚ್ಚು ಕಡಿಮೆ ಪೂರ್ತಿ ಬಳಸಬಹುದು, ತೂಕವೂ ಅರ್ಧದಷ್ಟು. ಎಲ್‌ಇಡಿ ದೀಪ, ನೀರಿನ ಪಂಪು, ಮೊಬೈಲ್ ಚಾರ್ಜ್ ಇವೆಲ್ಲ ಚಿಲ್ಲರೆ ಖರ್ಚು. 12 ವೋಲ್ಟ್ ಫ್ರಿಜ್ ಮಾತ್ರ ದಿನಕ್ಕೆ 350ರಿಂದ 600 ವ್ಯಾಟ್-ಅವರ್ ತಿನ್ನುತ್ತದೆ. ಅಂದರೆ ಫ್ರಿಜ್ ಇದ್ದರೆ ಒಂದು ಲೆಡ್-ಆಸಿಡ್ ಬ್ಯಾಟರಿ ಹೆಚ್ಚೆಂದರೆ ಒಂದೂವರೆ ದಿನ ಬರಬಹುದು. 100 ವ್ಯಾಟ್‌ನ ಸೋಲಾರ್ ಹಲಗೆ ಒಳ್ಳೆಯ ಬಿಸಿಲಿನ ದಿನ 300ರಿಂದ 400 ವ್ಯಾಟ್-ಅವರ್ ವಾಪಸ್ ಕೊಡುತ್ತದೆ. ಮರದ ನೆರಳಲ್ಲಿ ನಿಲ್ಲಿಸಿದರೆ ಅದು ಸಿಗುವುದಿಲ್ಲ. ಏಸಿ ಓಡಿಸುವ ಆಸೆ ಇದ್ದರೆ ಒಂದು ಮಾತು. ಛಾವಣಿಯ ಮಾಮೂಲಿ ಏಸಿಗೆ 1,300ರಿಂದ 1,500 ವ್ಯಾಟ್ ಬೇಕು. ನೂರು ಆಂಪ್-ಅವರ್ ಲಿಥಿಯಂ ಬ್ಯಾಟರಿ ಅದಕ್ಕೆ ಒಂದು ಗಂಟೆಯೂ ಸಾಲದು.

ಗ್ಯಾಸಿನ ವಿಷಯದಲ್ಲಿ ಸಲಿಗೆ ಬೇಡ. ಅಡುಗೆ ಒಲೆಯನ್ನು ಚಳಿ ಕಾಯಿಸಲು ಯಾವತ್ತೂ ಹಚ್ಚಬೇಡಿ. ಮುಚ್ಚಿದ ಜಾಗದಲ್ಲಿ ಉರಿಯಿಂದ ಕಾರ್ಬನ್ ಮೊನಾಕ್ಸೈಡ್ ಬರುತ್ತದೆ. ಅದಕ್ಕೆ ವಾಸನೆ ಇಲ್ಲ, ಮಲಗಿದವರಿಗೆ ಗೊತ್ತಾಗುವುದೇ ಇಲ್ಲ. ಅದನ್ನು ಹಿಡಿಯುವ ಅಲಾರಂ ಮತ್ತು ಗ್ಯಾಸ್ ಸೋರಿಕೆಯ ಅಲಾರಂ ಎರಡೂ ಇರಲೇಬೇಕು. ಅಡುಗೆ ಗ್ಯಾಸ್ ಗಾಳಿಗಿಂತ ಭಾರ, ನೆಲದ ಮೇಲೆ ಹರಡುತ್ತದೆ. ಹಾಗಾಗಿ ಸೋರಿಕೆಯ ಅಲಾರಂ ಕೆಳಗೆ, ನೆಲದ ಹತ್ತಿರ ಇರಬೇಕು. ಹಳೆಯ ಟ್ರೇಲರ್ ಆದರೆ ಅಲಾರಂ ಮೇಲಿನ ದಿನಾಂಕ ನೋಡಿ, ಅವುಗಳಿಗೂ ಆಯುಷ್ಯ ಇದೆ.

ರಸ್ತೆಯ ಮೇಲೆ

ಟ್ರೇಲರ್ ಹಾವಿನ ಹಾಗೆ ಆಚೀಚೆ ತೂಗಾಡತೊಡಗುವುದು ಎಲ್ಲಕ್ಕಿಂತ ದೊಡ್ಡ ಭಯ. ಹಿಂಭಾಗಕ್ಕೆ ಭಾರ ಜಾಸ್ತಿ ತುಂಬಿ, ಕೊಂಡಿಯ ಭಾರ ಕಡಿಮೆಯಾದಾಗ ಇದು ಸುಲಭವಾಗಿ ಶುರುವಾಗುತ್ತದೆ. ಭಾರದ ಸಾಮಾನು ಕೆಳಗೆ, ಆಕ್ಸಲ್ ಹತ್ತಿರ, ಸ್ವಲ್ಪ ಮುಂದಕ್ಕೆ ಇರಲಿ. ಸೈಕಲ್‌ಗಳನ್ನು ಟ್ರೇಲರ್‌ನ ಹಿಂದಕ್ಕೆ ನೇತುಹಾಕುವುದು ಸುಲಭ ಅನಿಸುತ್ತದೆ, ಆದರೆ ಅದೇ ತಪ್ಪು ಜಾಗ. ತೂಗಾಟ ಶುರುವಾದರೆ ಸ್ಟೀರಿಂಗ್ ನೆಟ್ಟಗೆ ಹಿಡಿದು, ಆಕ್ಸಿಲರೇಟರ್‌ನಿಂದ ಕಾಲು ತೆಗೆಯಿರಿ. ಕಾರಿನ ಬ್ರೇಕನ್ನು ಜೋರಾಗಿ ಒತ್ತಬೇಡಿ. ಟ್ರೇಲರ್‌ನ ಬ್ರೇಕನ್ನು ಕೈಯಿಂದ ಹಾಕುವ ಗುಂಡಿ ಇದ್ದರೆ ಅದನ್ನು ಮೆಲ್ಲಗೆ ಒತ್ತಿ.

ಬ್ರೇಕ್ ಇಲ್ಲದ ಟ್ರೇಲರ್ ಅನ್ನು ಎಷ್ಟು ತೂಕದವರೆಗೆ ಎಳೆಯಬಹುದು ಅನ್ನುವ ಕಾನೂನು ದೇಶದಿಂದ ದೇಶಕ್ಕೆ ಬೇರೆ. ಯುರೋಪಿನಲ್ಲಿ 750 ಕಿಲೋ ಮೀರಿದರೆ ಟ್ರೇಲರ್‌ಗೆ ಸ್ವಂತ ಬ್ರೇಕ್ ಬೇಕೇ ಬೇಕು. ಕಾನೂನು ಏನೇ ಇರಲಿ, ಮಕ್ಕಳನ್ನು ಕೂರಿಸಿಕೊಂಡು ಹೋಗುವವರು ಬ್ರೇಕ್ ಇರುವುದನ್ನೇ ಆರಿಸಿ. ಟ್ರೇಲರ್ ಓಡುವಾಗ ಅದರೊಳಗೆ ಯಾರೂ ಇರಬಾರದು, ನಿದ್ದೆ ಬಂದ ಮಗುವೂ.

ಹಳೆಯದನ್ನು ಕೊಳ್ಳುವವರಿಗೆ ಎರಡು ಶತ್ರು. ಒಂದು ನೀರು. ಮೂಲೆಗಳಲ್ಲಿ, ಕಿಟಕಿಯ ಕೆಳಗೆ, ಛಾವಣಿಯ ತೂತುಗಳ ಸುತ್ತ ಗೋಡೆಯನ್ನು ಹೆಬ್ಬೆರಳಿಂದ ಒತ್ತಿ ನೋಡಿ. ಮೆತ್ತಗಿದ್ದರೆ ಒಳಗೆ ಮರ ಕೊಳೆತಿದೆ. ನೆಲದ ಮೇಲೆ ನಡೆದಾಗ ಎಲ್ಲಾದರೂ ತಗ್ಗಿದರೆ ಅದೂ ಅದೇ ಕಥೆ. ಹೊಸ ಬಣ್ಣ, ಹೊಸ ಪರದೆ ನೋಡಿ ಮರುಳಾಗಬೇಡಿ, ಮೂಗಿಗೆ ಬರುವ ಮುಗ್ಗಲು ವಾಸನೆಯನ್ನು ನಂಬಿ. ಇನ್ನೊಂದು ಟೈರ್. ಟ್ರೇಲರ್ ನಿಂತೇ ಇರುವುದು ಜಾಸ್ತಿ. ಗೆರೆ ಸವೆಯುವ ಮೊದಲೇ ರಬ್ಬರ್ ಮುದಿಯಾಗುತ್ತದೆ. ಟೈರ್ ಪಕ್ಕದಲ್ಲಿ ನಾಲ್ಕು ಅಂಕಿ ಇರುತ್ತವೆ: ಮೊದಲ ಎರಡು ವಾರ, ಕೊನೆಯ ಎರಡು ವರ್ಷ. 2319 ಅಂದರೆ 2019ರ 23ನೇ ವಾರ. ಐದಾರು ವರ್ಷ ದಾಟಿದ್ದರೆ ನೋಡಲು ಹೊಸದರಂತಿದ್ದರೂ ಬದಲಾಯಿಸಿ.

ಇಷ್ಟಾದ ಮೇಲೂ ಎರಡರ ನಡುವೆ ಮನಸ್ಸು ತೂಗಾಡುತ್ತಿದ್ದರೆ ಬಾಡಿಗೆಗೆ ಸಿಗುವುದನ್ನು ತಂದು ಎರಡು ರಾತ್ರಿ ಕಳೆಯಿರಿ. ಹೊರಡುವ ಮೊದಲು ಖಾಲಿ ಮೈದಾನದಲ್ಲಿ ಒಂದು ಗಂಟೆ ರಿವರ್ಸ್ ಅಭ್ಯಾಸ ಮಾಡಿ. ಕೈಯನ್ನು ಸ್ಟೀರಿಂಗ್‌ನ ಕೆಳತುದಿಯಲ್ಲಿ ಇಟ್ಟುಕೊಳ್ಳಿ. ಟ್ರೇಲರ್‌ನ ಹಿಂಭಾಗ ಎಡಕ್ಕೆ ಹೋಗಬೇಕಾದರೆ ಕೈ ಎಡಕ್ಕೆ, ಬಲಕ್ಕೆ ಹೋಗಬೇಕಾದರೆ ಕೈ ಬಲಕ್ಕೆ. ನಿಧಾನವಾಗಿ, ಚೂರು ಚೂರೇ. ಗಾಡಿ ಓಡಿಸುವ ಇಬ್ಬರೂ ಇದನ್ನು ಕಲಿಯಲಿ. ಒಬ್ಬರು ಹಿಂದೆ ನಿಂತು ದಾರಿ ತೋರಿಸಲಿ, ಕನ್ನಡಿಯಲ್ಲಿ ಅವರು ಕಾಣದೇ ಹೋದ ಕ್ಷಣ ಗಾಡಿ ನಿಲ್ಲಿಸಿ.